ಹೆದ್ದಾರಿ ಬದಿಯ ಮನೆಯಲ್ಲಿ ಜಿಪಿಎಸ್ ಆಗಾಗ ಕಡಿದುಹೋಗುತ್ತಿದೆ: ಜಾಮರ್ ಎಂದು ಖಚಿತಪಡಿಸಿಕೊಂಡು ಜಾಡು ಹಿಡಿಯುವುದು ಹೇಗೆ?

ದಾಬಸ್‌ಪೇಟೆ ಕೇಳುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಮನೆ ದಾಬಸ್‌ಪೇಟೆಯ ಹತ್ತಿರ, ಬೆಂಗಳೂರು–ತುಮಕೂರು ಹೆದ್ದಾರಿಯಿಂದ ಸುಮಾರು 150 ಮೀಟರ್ ಒಳಗಿದೆ. ತಾರಸಿಯ ಮೇಲೆ ಆಂಟೆನಾ ಕೂರಿಸಿ, ಯು-ಬ್ಲಾಕ್ಸ್ ಎಂ8 ಎಂಬ ಜಿಪಿಎಸ್ ರಿಸೀವರ್ ಒಂದನ್ನು ಪುಟ್ಟ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿ, ಮನೆಯ ನೆಟ್‌ವರ್ಕಿಗೆ ನಿಖರ ಸಮಯ ಒದಗಿಸುವ ಸರ್ವರ್ ನಡೆಸುತ್ತಿದ್ದೇನೆ. ಕಳೆದ ಒಂದು ತಿಂಗಳಿನಿಂದ, ವಾರದಲ್ಲಿ ಮೂರು ನಾಲ್ಕು ರಾತ್ರಿ ಹನ್ನೊಂದೂವರೆಯ ಆಸುಪಾಸಿನಲ್ಲಿ, ಎಲ್ಲ ಉಪಗ್ರಹಗಳ ಸಿ/ಎನ್ ಅಂಕಿ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ಲಿನ ಬಲ ಎಷ್ಟೆಂಬ ಅಳತೆ) 42–45ರಿಂದ ಒಮ್ಮೆಲೇ 25ಕ್ಕಿಂತ ಕೆಳಗಿಳಿದು, ಅರ್ಧ ನಿಮಿಷ ಕಳೆದ ಮೇಲೆ ಏನೂ ಆಗಿಲ್ಲವೆಂಬಂತೆ ಮೊದಲಿನ ಸ್ಥಿತಿಗೆ ಮರಳುತ್ತಿದೆ. ಇದಲ್ಲದೆ ಸಂಜೆಯ ಹೊತ್ತು ಒಂದೆರಡು ಗಂಟೆ ಕಾಲ ಐದಾರು ಡೆಸಿಬೆಲ್ ಇಳಿದೇ ಇರುವುದೂ ಉಂಟು.

ನಮ್ಮ ರಾಜ್ಯದಲ್ಲಿ ಖನಿಜ ಸಾಗಿಸುವ ಲಾರಿಗಳಿಗೆ ಜಿಪಿಎಸ್ ಕಡ್ಡಾಯವಾಗಿರುವುದರಿಂದ, ಅದನ್ನು ತಪ್ಪಿಸಲು ಯಾರೋ ಲೈಟರ್ ಸಾಕೆಟ್ಟಿಗೆ ಜಾಮರ್, ಅಂದರೆ ಜಿಪಿಎಸ್ ಸಿಗ್ನಲ್ ತಡೆಯುವ ಸಾಧನ, ಸಿಕ್ಕಿಸಿಕೊಂಡು ಓಡಾಡುತ್ತಿರಬಹುದೆಂಬುದು ನನ್ನ ಅನುಮಾನ. ಅನುಮಾನ ಸರಿಯೇ ಎಂದು ತಿಳಿಯುವುದು ಹೇಗೆ? ಸರಿಯಾಗಿದ್ದರೆ, ಒಂದು ಆರ್‌ಟಿಎಲ್-ಎಸ್‌ಡಿಆರ್ (ಕಂಪ್ಯೂಟರಿಗೆ ಜೋಡಿಸುವ ಅಗ್ಗದ ರೇಡಿಯೊ ರಿಸೀವರ್) ಬಿಟ್ಟರೆ ಬೇರೇನೂ ಇಲ್ಲದ ನನ್ನಂತಹ ಹವ್ಯಾಸಿಯಿಂದ ಅದರ ಜಾಡು ಹಿಡಿಯಲು ಸಾಧ್ಯವೇ?

ತರಂಗಮಾಪಕ

ಸಿ/ಎನ್ ಅಂಕಿಯೊಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ. ಅದರ ಜೊತೆಗೆ ರಿಸೀವರಿನ ಎಜಿಸಿ, ಅಂದರೆ ಸ್ವಯಂಚಾಲಿತ ಗೇನ್ (ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ) ನಿಯಂತ್ರಣದ ಅಂಕಿಯನ್ನೂ ಕಡ್ಡಾಯವಾಗಿ ದಾಖಲಿಸಿ. ಕಾರಣ ಹೀಗಿದೆ. ಜಿಪಿಎಸ್‌ನ 1575.42 ಮೆಗಾಹರ್ಟ್ಸ್ ಸಿಗ್ನಲ್ ನೆಲ ಮುಟ್ಟುವಾಗ ಅದರ ಬಲ ಸುಮಾರು ಮೈನಸ್ 128 ಡಿಬಿಎಂ (ಒಂದು ಮಿಲಿವ್ಯಾಟಿಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳುವ ಅಳತೆ). ಎರಡು ಮೆಗಾಹರ್ಟ್ಸ್ ಅಗಲದಲ್ಲಿ ಸಹಜವಾಗಿರುವ ಉಷ್ಣ ಗದ್ದಲವೇ ಮೈನಸ್ 111ರಷ್ಟಿರುತ್ತದೆ. ಉಪಗ್ರಹದ ದನಿ ಗದ್ದಲದ ಅಡಿಯಲ್ಲಿ ಹುದುಗಿರುವುದರಿಂದ, ರಿಸೀವರ್ ತನ್ನ ಗೇನನ್ನು ಹೊಂದಿಸಿಕೊಳ್ಳುವುದು ಗದ್ದಲಕ್ಕೆ ತಕ್ಕಂತೆಯೇ ಹೊರತು ಉಪಗ್ರಹಗಳಿಗೆ ತಕ್ಕಂತೆ ಅಲ್ಲ. ಗದ್ದಲ ಏರಿದರೆ ಗೇನ್ ಇಳಿಯುತ್ತದೆ. ಆದ್ದರಿಂದ ಸಿ/ಎನ್ ಕುಸಿದಾಗ ಎಜಿಸಿಯೂ ಕುಸಿದಿದ್ದರೆ ಹೊರಗಿನಿಂದ ಏನೋ ಶಕ್ತಿ ಒಳನುಗ್ಗಿದೆ ಎಂದರ್ಥ. ಎಜಿಸಿ ಅಲುಗದೆ ಸಿ/ಎನ್ ಮಾತ್ರ ಇಳಿದಿದ್ದರೆ ಆಂಟೆನಾಕ್ಕೆ ಏನೋ ಮರೆಯಾಗಿರುವ ಸಾಧ್ಯತೆಯನ್ನು ಮೊದಲು ನೋಡಬೇಕು.

ಎಂ8 ರಿಸೀವರಿನಲ್ಲಿ ಮಾನ್-ಎಚ್‌ಡಬ್ಲ್ಯು ಎಂಬ ಸಂದೇಶವನ್ನು ನೀವೇ ಚಾಲೂ ಮಾಡಬೇಕು. ಎಜಿಸಿ ಮತ್ತು ಗದ್ದಲದ ಮಟ್ಟ ಅದರಲ್ಲಿ ಸಿಗುತ್ತವೆ. ಅದರಲ್ಲೇ ಇರುವ 0ಯಿಂದ 255ರವರೆಗಿನ ಜಾಮಿಂಗ್ ಸೂಚಕ ಒಂದೇ ಆವರ್ತನದ ಸ್ಥಿರ ಅಲೆಯನ್ನು ಹಿಡಿಯಲು ಇರುವಂಥದ್ದು, ಆದ್ದರಿಂದ ಅದು ಸುಮ್ಮನಿದೆ ಎಂದು ನೀವು ನಿಶ್ಚಿಂತರಾಗಬಾರದು. ಲೈಟರ್ ಸಾಕೆಟ್ ಜಾಮರುಗಳು ಸಾಮಾನ್ಯವಾಗಿ ಹತ್ತಿಪ್ಪತ್ತು ಮೆಗಾಹರ್ಟ್ಸ್ ಅಗಲವನ್ನು ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಗುಡಿಸುತ್ತಾ ಹೋಗುತ್ತವೆ. ಒಂದು ಸಲಕ್ಕೆ 2.4 ಮೆಗಾಹರ್ಟ್ಸ್ ಅಗಲವನ್ನಷ್ಟೇ ನೋಡಬಲ್ಲ ನಿಮ್ಮ ಆರ್‌ಟಿಎಲ್-ಎಸ್‌ಡಿಆರ್‌ನಲ್ಲಿ ಅದು ಗೆರೆಯಾಗಿ ಕಾಣದೆ, ಇಡೀ ಪರದೆಯೇ ಬೆಳಗಿದಂತೆ ಕಂಡೀತು. ಇನ್ನೊಂದು ಮಾತು: ದಾಖಲೆಯ ಸಮಯ ಕಂಪ್ಯೂಟರಿನ ಸ್ವಂತ ಗಡಿಯಾರದ್ದಾಗಿರಲಿ. ನಾವು ಹುಡುಕುತ್ತಿರುವ ಘಳಿಗೆಯಲ್ಲಿ ಜಿಪಿಎಸ್ ಸಮಯವೇ ಇರುವುದಿಲ್ಲವಲ್ಲ.

ಹಳೆಯ ಹ್ಯಾಮ್

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಲಾರಿಯವರ ಮೇಲೆ ಅನುಮಾನಪಡುವ ಮೊದಲು ಸ್ವಂತ ಮನೆಯನ್ನು ಶೋಧಿಸಿ ಎನ್ನುವವನು ನಾನು. 2001ರಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಎಂಬ ಸಣ್ಣ ಬಂದರಿನಲ್ಲಿ ಜಿಪಿಎಸ್ ವಾರಗಟ್ಟಲೆ ಕೆಲಸಕ್ಕೆ ಬಾರದಂತಾಗಿತ್ತು. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಯಾವ ಜಾಮರೂ ಅಲ್ಲ, ದೋಣಿಯೊಂದರ ಟಿವಿ ಆಂಟೆನಾದ ಒಳಗಿದ್ದ ಬೂಸ್ಟರ್. ಅದು ತನ್ನಷ್ಟಕ್ಕೇ ಆಂದೋಲನಗೊಂಡು ಜಿಪಿಎಸ್ ಆವರ್ತನದಲ್ಲಿ ಪ್ರಸಾರ ಮಾಡುತ್ತಿತ್ತು. ಅದನ್ನು ಆರಿಸಿದ ಮೇಲೂ ತೊಂದರೆ ಪೂರ್ತಿ ನಿಲ್ಲಲಿಲ್ಲ; ಅಂಥವೇ ಇನ್ನೂ ಎರಡು ಅದೇ ಬಂದರಿನಲ್ಲಿದ್ದವು.

ನಿಮ್ಮ ಸಂಜೆಯ ಇಳಿಕೆಯನ್ನೂ ರಾತ್ರಿಯ ಕುಸಿತವನ್ನೂ ಒಂದೇ ಕಾರಣಕ್ಕೆ ಗಂಟುಹಾಕಬೇಡಿ. ಸಂಜೆಯದಕ್ಕೆ ಮೊದಲು ಟಿವಿ ಬೂಸ್ಟರ್, ಎಲ್‌ಇಡಿ ದೀಪದ ಅಡಾಪ್ಟರ್, ಯುಎಸ್‌ಬಿ 3 ಡಿಸ್ಕ್ ಇವುಗಳನ್ನು ಒಂದೊಂದಾಗಿ ಆರಿಸಿ ನೋಡಿ.

ದಾಬಸ್‌ಪೇಟೆ ಕೇಳುಗ

ಹತ್ತು ದಿನ ದಾಖಲಿಸಿದ ಮೇಲೆ ಬರೆಯುತ್ತಿದ್ದೇನೆ. ಹಿರಿಯರ ಮಾತೇ ನಿಜವಾಯಿತು, ಕನಿಷ್ಠ ಅರ್ಧದಷ್ಟು. ಸಂಜೆಯ ಇಳಿಕೆಗೆ ಕಾರಣ ನನ್ನದೇ ಬ್ಯಾಕಪ್ ಡಿಸ್ಕ್. ಅದು ಯುಎಸ್‌ಬಿ 3 ಪೋರ್ಟಿನಲ್ಲಿ ಕೆಲಸ ಶುರುಮಾಡಿದ ಕ್ಷಣದಲ್ಲೇ ಎಜಿಸಿ ಇಳಿಯುತ್ತಿತ್ತು; ಡಿಸ್ಕನ್ನು ಆಂಟೆನಾದ ಕೇಬಲ್ಲಿನಿಂದ ಎರಡು ಮೀಟರ್ ದೂರ ಸರಿಸಿದ ಮೇಲೆ ಇಳಿಕೆ ಮಾಯವಾಗಿದೆ. ನಾಚಿಕೆಯ ವಿಷಯವೇ ಸರಿ.

ರಾತ್ರಿಯದು ಮಾತ್ರ ಹಾಗೆಯೇ ಉಳಿದಿದೆ. ನಾಲ್ಕು ರಾತ್ರಿ ದಾಖಲಾಗಿದ್ದು, ನಾಲ್ಕರಲ್ಲೂ ಎಜಿಸಿ ಮತ್ತು ಸಿ/ಎನ್ ಒಟ್ಟಿಗೇ ಕುಸಿದಿವೆ, ಪ್ರತಿ ಸಲವೂ ಸುಮಾರು 35 ಸೆಕೆಂಡು. ಎಜಿಸಿಯ ಗೆರೆ ಮೆಲ್ಲಗೆ ಇಳಿದು, ತಳ ಮುಟ್ಟಿ, ಅದೇ ರೀತಿ ಮೆಲ್ಲಗೆ ಮೇಲೇರುತ್ತದೆ.

ಎಸ್‌ಡಿಆರ್ ಅಭ್ಯಾಸಿ

ಎರಡೂ ಬದಿ ಒಂದೇ ತೆರನಾದ ಆ ಇಳಿಜಾರು ಬಹಳಷ್ಟನ್ನು ಹೇಳುತ್ತದೆ. ನಿಂತಲ್ಲೇ ಇದ್ದು ಆನ್-ಆಫ್ ಆಗುವ ಮೂಲವಾಗಿದ್ದರೆ ಗೆರೆ ಮೆಟ್ಟಿಲಿನಂತೆ ಬೀಳುತ್ತಿತ್ತು. ನಿಮ್ಮದು ಹಾದುಹೋಗುವ ವಾಹನ. ಗಂಟೆಗೆ 72 ಕಿ.ಮೀ. ವೇಗವೆಂದುಕೊಂಡರೆ ಸೆಕೆಂಡಿಗೆ 20 ಮೀಟರ್, 35 ಸೆಕೆಂಡಿಗೆ 700 ಮೀಟರ್ ರಸ್ತೆ. ನಿಮ್ಮ ಮನೆ ರಸ್ತೆಯಿಂದ 150 ಮೀಟರ್ ಒಳಗಿರುವುದರಿಂದ, ಪ್ರಭಾವ ಶುರುವಾಗುವ ದೂರ ಸುಮಾರು 380 ಮೀಟರ್ ಆಗುತ್ತದೆ. ಅಲ್ಲಿಂದ ನಿಮ್ಮ ಮನೆಯ ನೇರಕ್ಕೆ ಬರುವಷ್ಟರಲ್ಲಿ ಬಲ ಎಂಟು ಡೆಸಿಬೆಲ್‌ನಷ್ಟು ಏರಬೇಕು. ಎಸ್‌ಡಿಆರ್‌ನ ಗೇನನ್ನು ಸ್ಥಿರವಾಗಿಟ್ಟು ಅಳೆದರೆ ಈ ಊಹೆಯನ್ನು ಪರೀಕ್ಷಿಸಬಹುದು. ಅಂದಹಾಗೆ ಹತ್ತು ಮಿಲಿವ್ಯಾಟ್‌ನ ಜಾಮರ್ ಕೂಡ ಬಯಲಿನಲ್ಲಿ ಒಂದು ಕಿ.ಮೀ. ದೂರಕ್ಕೆ ಉಪಗ್ರಹದ ಸಿಗ್ನಲ್ಲಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಬಲವಾಗಿ ತಲುಪುತ್ತದೆ; ನಿಮ್ಮಲ್ಲಿ ವ್ಯಾಪ್ತಿ ಇಷ್ಟು ಕಿರಿದಾಗಿರುವುದಕ್ಕೆ ಲಾರಿಯ ಲೋಹದ ಕ್ಯಾಬಿನ್ನು, ನಡುವಿನ ಕಟ್ಟಡಗಳು ಕಾರಣವಾಗಿರಬೇಕು.

ಈಗ ಸ್ಥಾನ ಪತ್ತೆಯ ವಿಚಾರ. ಐದು ಚಾನೆಲ್ಲಿನ ಕ್ರಾಕೆನ್ ಎಸ್‌ಡಿಆರ್ ಕೊಂಡು ದಿಕ್ಕು ಹುಡುಕಬೇಕೆಂದು ಹಲವರಿಗೆ ಅನ್ನಿಸುತ್ತದೆ. ಮೂಲ ಒಂದೇ ಕಡೆ ನಿಂತಿದ್ದರೆ ಅದು ಒಳ್ಳೆಯ ಉಪಕರಣವೇ, ಆದರೆ ಅರ್ಧ ನಿಮಿಷದಲ್ಲಿ ಹಾದುಹೋಗುವ, ಅಕ್ಕಪಕ್ಕದ ಲಾರಿಗಳಿಗೆ ಬಡಿದು ಪ್ರತಿಫಲಿಸುವ ಸಿಗ್ನಲ್ಲಿಗೆ ಅಷ್ಟು ಹಣ ಸುರಿಯುವುದು ವ್ಯರ್ಥ. ಹಲವು ರಿಸೀವರುಗಳಿಗೆ ಸಿಗ್ನಲ್ ತಲುಪುವ ಸಮಯದ ವ್ಯತ್ಯಾಸ ಅಳೆಯುವ ವಿಧಾನಕ್ಕೆ ಎರಡು ತೊಡಕುಗಳಿವೆ. ಒಂದು ಮೈಕ್ರೊಸೆಕೆಂಡಿನ ತಪ್ಪು 300 ಮೀಟರ್ ತಪ್ಪಾಗುತ್ತದೆ, ಅಷ್ಟು ನಿಖರವಾದ ಸಮಯವನ್ನು ನಾವೆಲ್ಲ ಪಡೆಯುವುದು ಜಿಪಿಎಸ್‌ನಿಂದಲೇ. ಜೊತೆಗೆ ಜಾಮರ್ ಹತ್ತು ಮೈಕ್ರೊಸೆಕೆಂಡಿಗೊಮ್ಮೆ ಒಂದೇ ಅಲೆಯನ್ನು ಮರುಕಳಿಸುತ್ತಿದ್ದರೆ, ಲೆಕ್ಕದಲ್ಲಿ ಮೂರು ಕಿ.ಮೀ.ಗೊಂದರಂತೆ ಸುಳ್ಳು ಉತ್ತರಗಳೂ ಸಾಲುಗಟ್ಟುತ್ತವೆ.

ನಿಮಗೆ ಬೇಕಾಗಿರುವುದು ಇನ್ನೊಂದು ಅಗ್ಗದ ರಿಸೀವರ್, ಹೆದ್ದಾರಿಯ ಪಕ್ಕದಲ್ಲೇ ಎರಡು ಮೂರು ಕಿ.ಮೀ. ಆಚೆ. ಎರಡೂ ಕಡೆ ಕುಸಿತದ ನಟ್ಟನಡುವಿನ ಕ್ಷಣವನ್ನು ಗುರುತಿಸಿಕೊಳ್ಳಿ; ವಾಹನ ಆ ಜಾಗಕ್ಕೆ ಅತಿ ಹತ್ತಿರವಿದ್ದ ಕ್ಷಣ ಅದು. ಎರಡರ ವ್ಯತ್ಯಾಸದಿಂದ ದಿಕ್ಕೂ ವೇಗವೂ ಸಿಗುತ್ತವೆ, ಇದಕ್ಕೆ ಗಡಿಯಾರದಲ್ಲಿ ಒಂದು ಸೆಕೆಂಡಿನ ನಿಖರತೆ ಸಾಕು. ಮೂರನೆಯದನ್ನು ಕವಲು ರಸ್ತೆಯಲ್ಲಿ ಇಟ್ಟರೆ ವಾಹನ ಯಾವ ಕಡೆ ತಿರುಗಿತೆಂಬುದೂ ತಿಳಿಯುತ್ತದೆ.

ವಿಮಾನವೀಕ್ಷಕಿ

ಜಿಪಿಎಸ್‌ಜಾಮ್ ಎಂಬ ಅಂತರ್ಜಾಲ ನಕ್ಷೆಯಲ್ಲಿ ನಿಮ್ಮ ಪ್ರದೇಶ ಹಸಿರಾಗಿಯೇ, ಅಂದರೆ ತೊಂದರೆಯಿಲ್ಲದಂತೆ, ಕಂಡರೆ ಗೊಂದಲಪಡಬೇಡಿ. ವಿಮಾನಗಳು 1090 ಮೆಗಾಹರ್ಟ್ಸ್‌ನಲ್ಲಿ ತಮ್ಮ ಸ್ಥಾನದ ಜೊತೆಗೆ ಅದರ ನಿಖರತೆಯನ್ನೂ ಬಿತ್ತರಿಸುತ್ತವೆ, ಆ ನಕ್ಷೆ ಅದನ್ನೇ ಒಟ್ಟುಗೂಡಿಸುತ್ತದೆ. ಬಾಲ್ಟಿಕ್ ಪ್ರದೇಶದಲ್ಲಿ ಕಾಣುವಂತಹ ದೊಡ್ಡ ಜಾಮಿಂಗ್ ಅಲ್ಲಿ ಕೆಂಪಾಗಿ ಕಾಣುತ್ತದೆ. ನಮ್ಮಲ್ಲಿಯೂ ಗಡಿಭಾಗದ ಅಮೃತಸರ, ಜಮ್ಮು ಕಡೆ 2023ರ ನವೆಂಬರಿನಿಂದ 2025ರ ಫೆಬ್ರವರಿಯವರೆಗೆ ಇಂತಹ 465 ಪ್ರಕರಣಗಳು ವರದಿಯಾಗಿರುವುದಾಗಿ ಸರ್ಕಾರ ಸಂಸತ್ತಿಗೆ ತಿಳಿಸಿದೆ. ಲಾರಿಯ ಕ್ಯಾಬಿನ್ನಿನೊಳಗಿನ ಮಿಲಿವ್ಯಾಟುಗಳು ಹತ್ತು ಕಿ.ಮೀ. ಎತ್ತರದ ವಿಮಾನಕ್ಕೆ ಲೆಕ್ಕಕ್ಕೇ ಬರುವುದಿಲ್ಲ.

ವಿಮಾನ ನಿಲ್ದಾಣದ ನೆಲದ ಮೇಲಿರುವ ಉಪಕರಣಗಳಿಗೆ ಮಾತ್ರ ಅವು ಲೆಕ್ಕಕ್ಕೆ ಬರುತ್ತವೆ. ಅಮೆರಿಕದ ನ್ಯೂಆರ್ಕ್ ನಿಲ್ದಾಣದಲ್ಲಿ ವಿಮಾನ ಇಳಿಸಲು ನೆರವಾಗುವ ಜಿಪಿಎಸ್ ವ್ಯವಸ್ಥೆಗೆ ಪಕ್ಕದ ಹೆದ್ದಾರಿಯ ವಾಹನಗಳಲ್ಲಿದ್ದ ಜಾಮರುಗಳು ಕಾಟ ಕೊಡುತ್ತಿದ್ದವು. ಕೆಲಸ ಕೊಟ್ಟವರಿಂದ ತನ್ನ ಓಡಾಟ ಮರೆಮಾಡಲು ಜಾಮರ್ ಇಟ್ಟುಕೊಂಡಿದ್ದ ಚಾಲಕನೊಬ್ಬನಿಗೆ 2013ರಲ್ಲಿ ಸುಮಾರು 32 ಸಾವಿರ ಡಾಲರ್ ದಂಡ ವಿಧಿಸುವ ಪ್ರಸ್ತಾಪವನ್ನು ಅಲ್ಲಿನ ಸಂವಹನ ಆಯೋಗ ಮುಂದಿಟ್ಟಿತು.

ಹಳೆಯ ಹ್ಯಾಮ್

ಎರಡು ಎಚ್ಚರಿಕೆ. ನಿಮ್ಮ ಪತ್ತೆ ವ್ಯವಸ್ಥೆಯನ್ನು ಪರೀಕ್ಷಿಸುವ ನೆಪದಲ್ಲಿ ಜಾಮರ್ ತರಿಸಬೇಡಿ. ಖಾಸಗಿಯವರು ಸರ್ಕಾರದ ಅನುಮತಿಯಿಲ್ಲದೆ ಜಿಪಿಎಸ್ ತಡೆಯುವ ಸಾಧನ ಬಳಸುವುದು ಕಾನೂನುಬಾಹಿರವೆಂದು ದೂರಸಂಪರ್ಕ ಇಲಾಖೆ 2022ರಲ್ಲಿ ಸ್ಪಷ್ಟವಾಗಿ ತಿಳಿಸಿದೆ. ಎರಡನೆಯದಾಗಿ, ವಾಹನ ಯಾವುದೆಂದು ತಿಳಿದರೂ ಅದನ್ನು ಅಡ್ಡಗಟ್ಟುವ ಸಾಹಸ ಬೇಡ. ದಿನಾಂಕ, ಸಮಯ, ಎಜಿಸಿ ಗೆರೆಯ ಚಿತ್ರ ಇವುಗಳ ಸಮೇತ ಅದೇ ಇಲಾಖೆಯ ವೈರ್‌ಲೆಸ್ ಮಾನಿಟರಿಂಗ್ ಆರ್ಗನೈಸೇಷನ್‌ಗೆ ಬರೆಯಿರಿ.

ದಾಬಸ್‌ಪೇಟೆ ಕೇಳುಗ

ತುಮಕೂರು ಕಡೆಗೆ 3.4 ಕಿ.ಮೀ. ದೂರದಲ್ಲಿರುವ ಸ್ನೇಹಿತರ ಅಂಗಡಿಯ ಮೇಲೆ ಎರಡನೆಯ ರಿಸೀವರ್ ಇಟ್ಟೆವು. ಮೂರು ರಾತ್ರಿಯೂ ಕುಸಿತ ಮೊದಲು ಅಲ್ಲಿ, ನಂತರ ನನ್ನಲ್ಲಿ ಆಗಿದೆ. ನಡುವಿನ ಅಂತರ 163, 170, 178 ಸೆಕೆಂಡು. ಅಂದರೆ ಗಂಟೆಗೆ ಸುಮಾರು ಎಪ್ಪತ್ತರ ವೇಗದಲ್ಲಿ ಬೆಂಗಳೂರಿನ ಕಡೆಗೆ ಹೋಗುತ್ತಿದೆ. ದೊಡ್ಡಬಳ್ಳಾಪುರಕ್ಕೆ ತಿರುಗುವ ರಸ್ತೆಯ ಬದಿಯಲ್ಲಿ ನಿನ್ನೆ ಇಟ್ಟ ಮೂರನೆಯ ರಿಸೀವರಿನಲ್ಲಿಯೂ 11.41ಕ್ಕೆ ಅದೇ ಆಕಾರದ ಗೆರೆ ಮೂಡಿದೆ. ಇನ್ನೂ ಒಂದು ವಾರ ದಾಖಲಿಸಿ, ಮೂರೂ ಕಡೆಯ ಕಡತಗಳನ್ನು ಜೋಡಿಸಿ ದೂರು ಕಳುಹಿಸುತ್ತೇನೆ. ಬ್ಯಾಕಪ್ ಡಿಸ್ಕನ್ನು ಯುಎಸ್‌ಬಿ 2 ಪೋರ್ಟಿಗೆ ಬದಲಾಯಿಸಿದ್ದೇನೆ.