ಮೊದಲು ಜಾಗವೋ, ಮೊದಲು ಉಡುಪೋ?

ಪ್ರಶ್ನೆ: ತುಂಬೆಹೂ

ಇನ್ನು ನಾಲ್ಕು ತಿಂಗಳಿಗೆ ನನ್ನ ಮದುವೆ. ಸಂಜೆ ಐದಕ್ಕೆ ಶುರು, ಸುಮಾರು 120 ಜನ. ಎರಡು ಜಾಗಗಳನ್ನು ನೋಡಿ ಬಂದಿದ್ದೇವೆ, ಎರಡೂ ಆ ದಿನಕ್ಕೆ ಖಾಲಿ ಇವೆ. ಒಂದು, ನೀರಿನ ದಂಡೆಯಲ್ಲಿರುವ ವಿಶಾಲವಾದ ಹುಲ್ಲುಹಾಸು. ಇನ್ನೊಂದು, ಎತ್ತರದ ಕಿಟಕಿಗಳಿರುವ ಹಳೆಯ ಕಲ್ಲಿನ ಕಟ್ಟಡ. ಸಭಾಂಗಣಕ್ಕೆ ಹೋಗಲು ಹನ್ನೆರಡು ಮೆಟ್ಟಿಲು ಹತ್ತಬೇಕು.

ತೊಡಕು ಏನೆಂದರೆ, ಉಡುಪನ್ನು ನಾನು ಆಗಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡು ಬಿಟ್ಟಿದ್ದೇನೆ. ಅಂಗಡಿಯೊಂದರಲ್ಲಿ ತೊಟ್ಟು ನೋಡಿದ ದಂತಬಣ್ಣದ ರೇಷ್ಮೆ ಸ್ಯಾಟಿನ್ ಗೌನು, ಹಿಂದೆ ನೆಲದ ಮೇಲೆ ಎಳೆದುಕೊಂಡು ಬರುವ ಒಂದೂವರೆ ಮೀಟರ್ ಸೆರಗು, ಅಂದರೆ ಟ್ರೇಲ್. ಕನ್ನಡಿಯ ಮುಂದೆ ನಾನು ತಿರುಗಿದೆ; ಅದು ನನಗಿಂತ ಅರೆಕ್ಷಣ ತಡವಾಗಿ ತಿರುಗಿತು. ಆ ಅರೆಕ್ಷಣ ಕಣ್ಣಿನಿಂದ ಹೋಗುತ್ತಿಲ್ಲ. ಅಂಥದ್ದನ್ನೇ ಹೊಲಿಸಬೇಕೆಂದಿದ್ದೇನೆ.

ಆದರೆ ನಮ್ಮಿಬ್ಬರಿಗೂ ಮನಸ್ಸಿರುವುದು ನೀರಿನ ದಂಡೆಯ ಮೇಲೆ. ಅಮ್ಮ ‘ಮೊದಲು ಜಾಗ ಗೊತ್ತುಮಾಡು’ ಎನ್ನುತ್ತಾರೆ. ಗೆಳತಿ ‘ಉಡುಪು ಸಿಕ್ಕಿದೆಯಲ್ಲ, ಅದಕ್ಕೆ ಒಪ್ಪುವ ಜಾಗ ಕಲ್ಲಿನ ಕಟ್ಟಡವೇ’ ಎನ್ನುತ್ತಾಳೆ. ಇಬ್ಬರ ಮಾತೂ ಸರಿಯೆನಿಸುತ್ತದೆ. ಈ ದಾರಿಯಲ್ಲಿ ನಡೆದು ಬಂದವರು ದಯವಿಟ್ಟು ತಿಳಿಸಿ.

ಉತ್ತರ: ಬೆಳಕಿನಬೆನ್ನು

ಮದುವೆಗಳ ಫೋಟೊ ತೆಗೆಯುವುದು ನನ್ನ ಕಸುಬು. ಬಟ್ಟೆಯ ವಿಚಾರ ಬಲ್ಲವರು ಹೇಳಲಿ, ನಾನು ಬಣ್ಣದ ಮಾತಷ್ಟೇ ಹೇಳುತ್ತೇನೆ. ಅಂಗಡಿಯಲ್ಲಿ ಕಂಡ ದಂತಬಣ್ಣ ಅಂಗಡಿಯ ದೀಪದ್ದು. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ: ಹಳದಿ ಬೆಳಕಿನ ಬಲ್ಬು 2700ರಿಂದ 3000 ಕೆಲ್ವಿನ್ ಇರುತ್ತದೆ, ನಡುಹಗಲ ಬಿಸಿಲು 5500ರ ಆಸುಪಾಸು. ಒಂದೇ ಬಟ್ಟೆ ಅಲ್ಲಿ ಬೆಣ್ಣೆಯಂತೆಯೂ ಇಲ್ಲಿ ಸುಣ್ಣದಂತೆಯೂ ಕಾಣಬಹುದು. ಹುಲ್ಲಿನ ಮೇಲೆ ಇನ್ನೊಂದು ಸಂಗತಿ ಸೇರುತ್ತದೆ: ಬಿಸಿಲು ಹುಲ್ಲಿಗೆ ಬಡಿದು ಹಸಿರಾಗಿ ಮೇಲೇಳುತ್ತದೆ. ಹೊಳೆಯುವ ಸ್ಯಾಟಿನ್ನಿನ ಕೆಳಭಾಗಕ್ಕೂ ನಿಮ್ಮ ಗದ್ದದ ಅಡಿಗೂ ಆ ಹಸಿರು ಹತ್ತುತ್ತದೆ. ಹೊಳಪಿಲ್ಲದ ಬಟ್ಟೆಯಲ್ಲಿ ಅದು ಕಡಿಮೆ ಕಾಣುತ್ತದೆ.

ನಿಮ್ಮ ದಿನದಂದು ಸೂರ್ಯ ಎಷ್ಟು ಗಂಟೆಗೆ ಮುಳುಗುತ್ತಾನೆ ಎಂದು ಈಗಲೇ ನೋಡಿಕೊಳ್ಳಿ. ಮುಳುಗುವ ಮುಂಚಿನ ಒಂದು ಗಂಟೆಯ ಬೆಳಕಿನಷ್ಟು ಮೃದುವಾದ ಬೆಳಕು ದಿನವಿಡೀ ಸಿಗುವುದಿಲ್ಲ. ಕಲ್ಲಿನ ಕಟ್ಟಡವನ್ನು ಆರಿಸಿದರೆ ಕಿಟಕಿಗಳು ಯಾವ ದಿಕ್ಕಿಗಿವೆ ಎಂದು ಕೇಳಿ. ಮುಖದ ಮೇಲೆ ನೇರಳೆ, ನೀಲಿ ದೀಪ ಬೇಡವೆಂದು ಅಲಂಕಾರದವರಿಗೆ ಖಡಾಖಂಡಿತವಾಗಿ ಹೇಳಿ. ಆ ಬಣ್ಣವನ್ನು ಆಮೇಲೆ ಫೋಟೊದಿಂದ ತೆಗೆಯುವುದು ಬಹಳ ಕಷ್ಟ.

ಉತ್ತರ: ಸೂಜಿದಾರ

ನಾನು ಇಪ್ಪತ್ತಾರು ವರ್ಷದಿಂದ ಹೊಲಿಯುತ್ತಿದ್ದೇನೆ, ಅದರಲ್ಲಿ ಹೆಚ್ಚಿನವು ಮದುವೆಯ ಉಡುಪುಗಳು. ನಿಮ್ಮ ಅಮ್ಮನ ಮಾತೇ ಸರಿ. ಅಂಚನ್ನು ನಾನು ಎರಡು ಬೆರಳು ಮೇಲೆತ್ತಿ ಹೊಲಿಯಬಲ್ಲೆ, ಹುಲ್ಲಿನ ತೇವವನ್ನು ತಡೆಯಲಾರೆ.

ಇದನ್ನು ನಾನು ಕಲಿತದ್ದು ಒಬ್ಬ ಹುಡುಗಿಯ ಉಡುಪನ್ನು ಕೆಡಿಸಿ. ಹನ್ನೆರಡು ವರ್ಷದ ಹಿಂದಿನ ಮಾತು. ಅವಳದ್ದೂ ಸ್ಯಾಟಿನ್ನೇ. ಅಂಚನ್ನು ಅಳೆದದ್ದು ನನ್ನ ಅಂಗಡಿಯ ನುಣುಪು ನೆಲದ ಮೇಲೆ, ಅವಳು ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿ ನಿಂತಾಗ. ಮದುವೆ ಹುಲ್ಲಿನ ಮೇಲೆ ಎಂದು ಗೊತ್ತಿತ್ತು, ಆದರೆ ಗೊತ್ತಿದ್ದದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬೆಳಿಗ್ಗೆ ಹುಲ್ಲಿಗೆ ನೀರು ಬಿಟ್ಟಿದ್ದರು. ಮೂರನೇ ಹೆಜ್ಜೆಗೆ ಹಿಮ್ಮಡಿ ಮಣ್ಣಿಗೆ ಇಳಿಯಿತು. ಯಾರೋ ಚಪ್ಪಟೆ ಚಪ್ಪಲಿ ಕೊಟ್ಟರು, ಅವಳು ಬದಲಿಸಿದಳು. ಅಲ್ಲಿಗೆ ಅಂಚು ಮೂರು ಬೆರಳು ಕೆಳಗೆ ಬಂತು. ಒಂದು ಗಂಟೆಯಲ್ಲಿ ಬಟ್ಟೆ ನೀರು ಕುಡಿದು, ತೇವದ ಗೆರೆ ಅಂಕುಡೊಂಕಾಗಿ ಗೇಣುದ್ದ ಮೇಲೇರಿತ್ತು. ಒಣಗಿದ ಮೇಲೂ ಆ ಗೆರೆ ಹೋಗಲಿಲ್ಲ, ರೇಷ್ಮೆಯ ಮೇಲೆ ನೀರಿನ ಕಲೆ ಹಾಗೆಯೇ ಕೂರುತ್ತದೆ. ಆ ಹುಡುಗಿ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿನಿಂದ ಕತ್ತರಿ ಹಾಕುವ ಮೊದಲು ನಾನು ಜಾಗವನ್ನು ನೋಡುತ್ತೇನೆ, ಚಪ್ಪಲಿ ಕೊಂಡು ತರುವವರೆಗೆ ಅಂಚನ್ನು ಕಚ್ಚಾ ಹೊಲಿಗೆಯಲ್ಲೇ ಇಡುತ್ತೇನೆ.

ಹಾಗೆಂದು ಕಲ್ಲಿನ ಕಟ್ಟಡ ಸುರಕ್ಷಿತ ಎಂದುಕೊಳ್ಳಬೇಡಿ. ಸ್ಯಾಟಿನ್ ನೇಯ್ಗೆಯಲ್ಲಿ ಒಂದು ಎಳೆ ಕನಿಷ್ಠ ನಾಲ್ಕು ಎಳೆಗಳ ಮೇಲೆ ಹಾಯ್ದು ಆಮೇಲೆ ಒಂದರ ಅಡಿಗೆ ಹೋಗುತ್ತದೆ. ಹೊಳಪು ಬರುವುದೇ ಆ ಉದ್ದನೆಯ ತೇಲುವ ಎಳೆಗಳಿಂದ, ಒರಟು ಕಲ್ಲಿಗೆ ಮೊದಲು ಸಿಕ್ಕಿಕೊಳ್ಳುವುದೂ ಅವೇ. ಹನ್ನೆರಡು ಮೆಟ್ಟಿಲಿನ ಮೇಲೆ ಟ್ರೇಲ್ ಎಳೆದರೆ ಪ್ರತಿ ಮೆಟ್ಟಿಲಿನ ಅಂಚೂ ಅದನ್ನು ಉಜ್ಜುತ್ತದೆ. ಮುಂದಿನ ಅಂಚನ್ನು ಒಂದು ಕೈಯಲ್ಲಿ ಎತ್ತಿಕೊಳ್ಳಬೇಕು, ಇನ್ನೊಂದು ಕೈಯಲ್ಲಿ ಹೂಗುಚ್ಛ. ಆಗ ಟ್ರೇಲ್ ಯಾರು ಹಿಡಿಯುತ್ತಾರೆ?

ಗಾಳಿಯ ವಿಷಯದಲ್ಲಿ ನಿಮ್ಮ ಆಯ್ಕೆ ಒಳ್ಳೆಯದೇ. ರೇಷ್ಮೆಯ ತೂಕವನ್ನು ಮೊಮ್ಮೆ ಎಂಬ ಅಳತೆಯಲ್ಲಿ ಹೇಳುತ್ತಾರೆ, ಒಂದು ಮೊಮ್ಮೆ ಎಂದರೆ ಚದರ ಮೀಟರಿಗೆ ಸುಮಾರು 4.34 ಗ್ರಾಂ. 8 ಮೊಮ್ಮೆಯ ಶಿಫಾನ್ ಚದರ ಮೀಟರಿಗೆ 35 ಗ್ರಾಂ ಕೂಡ ತೂಗುವುದಿಲ್ಲ, ನೀರಿನ ಮೇಲಿಂದ ಬರುವ ಗಾಳಿಗೆ ಅದು ನಿಮ್ಮ ಮುಖಕ್ಕೇ ಬಡಿಯುತ್ತದೆ. 30 ಮೊಮ್ಮೆಯ ಸ್ಯಾಟಿನ್ 130 ಗ್ರಾಂ, ನಿಂತಲ್ಲಿ ನಿಲ್ಲುತ್ತದೆ. ನೀವು ಕಂಡ ಆ ಅರೆಕ್ಷಣದ ತಡ ಈ ತೂಕದ್ದು. ಅದು ಬೇಕೆಂದಿದ್ದರೆ ತೂಕವನ್ನು ಬಿಡಬೇಡಿ, ಹೊಳಪನ್ನು ಬೇಕಾದರೆ ಬಿಡಿ. ಭಾರವಾದ ರೇಷ್ಮೆ ಕ್ರೇಪ್ ಇದೆ. ಬಿಗಿಯಾಗಿ ಹುರಿಗೊಳಿಸಿದ ನೂಲಿನಿಂದ ನೇಯ್ದದ್ದು, ಹೊಳಪು ಕಡಿಮೆ, ಇಳಿಬೀಳುವ ಸೊಗಸು ಹಾಗೆಯೇ ಇರುತ್ತದೆ. ಮೇಲಿನವರು ಹೇಳಿದ ಹಸಿರಿನ ಕಾಟವೂ ತಗ್ಗುತ್ತದೆ.

ಇನ್ನು ಟ್ರೇಲ್. ಸೊಂಟದ ಹತ್ತಿರ ಹುಕ್ಕು ಹಾಕಿ ಕಳಚಿಡುವಂತೆ ಹೊಲಿಸಿ. ಒಳಗಡೆ, ನೆಲಕ್ಕೆ ತಾಗುವ ಕಡೆ, ಬಿಚ್ಚಿ ಒಗೆಯಬಹುದಾದ ಹತ್ತಿಯ ನೆರಿಗೆಪಟ್ಟಿಯನ್ನು ಕೊಡಿಸಿ. ಇದು ನನ್ನ ಕಲ್ಪನೆಯಲ್ಲ. 1870ರ ದಶಕದ ಯೂರೋಪಿನ ಉದ್ದ ಲಂಗಗಳ ಅಡಿಯಲ್ಲಿ ಇಂಥ ಪಟ್ಟಿ ಇರುತ್ತಿತ್ತು, ಅದಕ್ಕೆ ಫ್ರೆಂಚರು ‘ಗುಡಿಸುವವಳು’ ಎಂಬ ಅರ್ಥ ಬರುವ ಹೆಸರನ್ನೇ ಇಟ್ಟಿದ್ದರು. ಕೊಳೆಯೆಲ್ಲ ಅದಕ್ಕೆ, ರೇಷ್ಮೆ ಅದರ ಮೇಲೆ.

ಜಾಗ ಎಂದರೆ ಮದುವೆ ನಡೆಯುವ ನೆಲ ಮಾತ್ರವಲ್ಲ, ಅಲ್ಲಿಗೆ ಕರೆತರುವ ಕಾರಿನ ಸೀಟೂ ಹೌದು. 1981ರ ಜುಲೈ 29ರಂದು ಬ್ರಿಟನ್ನಿನ ಯುವರಾಜನನ್ನು ಮದುವೆಯಾದ ಡಯಾನಾ ಅವರ ಉಡುಪಿನ ಟ್ರೇಲ್ 25 ಅಡಿ, ಅಂದರೆ ಸುಮಾರು 7.6 ಮೀಟರ್ ಇತ್ತು. ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನಂಥ ಕಟ್ಟಡದೊಳಗೆ ಆ ಉದ್ದ ಒಪ್ಪಿತು. ಆದರೆ ಅದು ರೇಷ್ಮೆ ಟ್ಯಾಫೆಟಾ, ಮುದುರಿದರೆ ಮುದುರಿಯೇ ಇರುವ ಬಟ್ಟೆ. ಗಾಜಿನ ಸಾರೋಟಿನಿಂದ ಇಳಿದಾಗ ಮೈತುಂಬ ಸುಕ್ಕು ಇದ್ದದ್ದನ್ನು ಫೋಟೊಗಳಲ್ಲಿ ಈಗಲೂ ನೋಡಬಹುದು. 2011ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಡಯಾನಾ ಅವರ ಮಗನನ್ನು ಮದುವೆಯಾದ ಕೇಟ್ ಮಿಡಲ್ಟನ್ ಅವರದ್ದು 2.7 ಮೀಟರ್ ಅಷ್ಟೇ. ನಿಮ್ಮ ಒಂದೂವರೆ ಮೀಟರ್ ಕಾರಿನಲ್ಲಿ ಹೇಗೆ ಕೂರುತ್ತದೆ ಎಂದು ಒಂದು ಹಳೆಯ ಹಾಸುಬಟ್ಟೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಪರೀಕ್ಷಿಸಿ.

ಮರೆತಿದ್ದೆ: ದಾರಿಯುದ್ದಕ್ಕೂ ನೆಲದಲ್ಲಿ ಮೇಣದ ಬತ್ತಿ ಇಡುವ ಯೋಚನೆಯಿದ್ದರೆ ಬಿಟ್ಟುಬಿಡಿ. ಉಡುಪು ಉಬ್ಬಿ ನಿಲ್ಲಲೆಂದು ಒಳಗೆ ಹಾಕುವ ಕ್ಯಾನ್‌ಕ್ಯಾನ್ ಸಾಮಾನ್ಯವಾಗಿ ನೈಲಾನ್ ನೆಟ್ಟಿನದು. ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಉತ್ತರ: ಮದುಮಗನಣ್ಣ

ಉಡುಪಿನ ಮಾತಿನಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ತಮ್ಮನ ಮದುವೆ ಇಂಥದ್ದೇ ಮೆಟ್ಟಿಲುಗಳ ಕಟ್ಟಡದಲ್ಲಿ ಆಯಿತು. ವಾಕರ್ ಹಿಡಿದು ನಡೆಯುವ ನಮ್ಮ ಅಜ್ಜನನ್ನು ಇಬ್ಬರು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದೆವು. ಅಜ್ಜ ಆ ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದರು, ನನಗೆ ಇಂದಿಗೂ ಸಂಕಟವಾಗುತ್ತದೆ. ಹುಲ್ಲಿನ ಮೇಲೂ ವಾಕರ್ ಸಲೀಸಾಗಿ ಹೋಗುವುದಿಲ್ಲ, ಆದರೆ ಅಲ್ಲಿ ಹಲಗೆ ಹಾಸಬಹುದು. ಆ ಹಲಗೆಯ ಮೇಲೆ ನಿಮ್ಮ ಹಿಮ್ಮಡಿಯೂ ಟ್ರೇಲೂ ನಡೆಯುತ್ತವೆ. ಮಳೆ ಬಂದರೆ ಎಲ್ಲಿಗೆ ಹೋಗುವುದು ಎಂಬುದನ್ನು ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.

ತುಂಬೆಹೂ

ಎಲ್ಲರಿಗೂ ಕೃತಜ್ಞತೆ. ಸೂಜಿದಾರ ಅಕ್ಕ, ನಿಮ್ಮ ಉತ್ತರವನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದೆ.

ನಿನ್ನೆ ಸಂಜೆ ಐದಕ್ಕೆ ಸರಿಯಾಗಿ ನೀರಿನ ದಂಡೆಗೆ ಹೋಗಿದ್ದೆವು. ಒಂದೊಂದು ಮೀಟರ್ ಸ್ಯಾಟಿನ್ನನ್ನೂ ಕ್ರೇಪನ್ನೂ ಕೊಂಡುಹೋಗಿ ಹುಲ್ಲಿನ ಮೇಲೆ ಹರಡಿದೆವು. ನೋಡಲು ಒಣಗಿಯೇ ಇದ್ದ ಹುಲ್ಲು. ಕಾಲು ಗಂಟೆಯ ಮೇಲೆ ಎತ್ತಿ ನೋಡಿದರೆ ಎರಡೂ ತುಂಡುಗಳ ಬೆನ್ನು ತಣ್ಣಗಿತ್ತು. ಸ್ಯಾಟಿನ್ ತುಂಡನ್ನು ಕುತ್ತಿಗೆಗೆ ಹಿಡಿದಾಗ ಗದ್ದ ಹಸಿರಾಗಿದ್ದು ನಿಜ, ಕ್ರೇಪಿನಲ್ಲಿ ಅಷ್ಟು ಕಾಣಲಿಲ್ಲ. ಜಾಗ ಅದೇ ಎಂದು ತೀರ್ಮಾನಿಸಿದೆವು. ಗೇಟಿನಿಂದ ಕೊನೆಯವರೆಗೆ ಹಲಗೆ ಹಾಸಿಕೊಡಲು, ಮಳೆ ಬಂದರೆ ಪಕ್ಕದ ಒಳಾಂಗಣವನ್ನು ಬಿಟ್ಟುಕೊಡಲು ಅವರು ಒಪ್ಪಿದ್ದಾರೆ. ಅಜ್ಜಿಯ ಮಂಡಿಯ ನೋವನ್ನು ನಾನು ಯೋಚಿಸಿಯೇ ಇರಲಿಲ್ಲ, ಅದನ್ನು ನೆನಪಿಸಿದ ಅಣ್ಣನಿಗೆ ನಮಸ್ಕಾರ.

ಉಡುಪು ಕ್ರೇಪಿನಲ್ಲಿ, ಟ್ರೇಲ್ ಕಳಚುವಂತೆ. ಒಂದೇ ಪ್ರಶ್ನೆ ಉಳಿದಿದೆ ಅಕ್ಕ: ಟ್ರೇಲ್ ಬೇರೆಯಾಗಿ ಹೊಲಿದರೆ ಆ ಅರೆಕ್ಷಣದ ತಡ ಉಳಿಯುತ್ತದೆಯೇ?

ಸೂಜಿದಾರ

ಉಳಿಯುತ್ತದೆ. ಹುಕ್ಕುಗಳು ಬೆನ್ನಿನ ನಡುವೆ ಒಂದೆರಡು ಮಾತ್ರ ಇದ್ದರೆ ಟ್ರೇಲ್ ಜೋತುಬಿದ್ದು ಓಲಾಡುತ್ತದೆ. ಸೊಂಟದ ಹಿಂಭಾಗದಲ್ಲಿ ಒಂದು ಪಕ್ಕದ ಹೊಲಿಗೆಯಿಂದ ಇನ್ನೊಂದು ಪಕ್ಕದ ಹೊಲಿಗೆಯವರೆಗೆ, ಎರಡೆರಡು ಬೆರಳಿಗೆ ಒಂದರಂತೆ ಹಾಕಿಸಿ. ಒಳಗೆ ಗಟ್ಟಿ ಪಟ್ಟಿ ಇರಲಿ, ಭಾರವೆಲ್ಲ ಕ್ರೇಪಿನ ಮೇಲೆ ಬೀಳದೆ ಸೊಂಟದ ಮೇಲೆ ಕೂರಲಿ. ಕಚ್ಚಾ ಹೊಲಿಗೆಯ ಟ್ರಯಲ್‌ಗೆ ಹೋಗುವಾಗ ಮದುವೆಯ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ, ಕನ್ನಡಿಯ ಮುಂದೆ ಮೊದಲ ದಿನ ತಿರುಗಿದಂತೆಯೇ ತಿರುಗಿ ನೋಡಿ. ತಡ ಸಾಲದೆ ಹೋದರೆ ಟ್ರೇಲ್‌ನ ತುದಿಯ ಮಡಿಕೆಯೊಳಗೆ ಒಂದು ಪದರ ಬಟ್ಟೆ ಹೆಚ್ಚಿಗೆ ಹಾಕಲು ಹೇಳಿ.