ಅಪ್‌ಡೇಟ್: ಕಾಗದ ಕೇಳಿದೆ, ಒಬ್ಬರು ಸಿಟ್ಟಾದ್ರು

ಹೋದ ತಿಂಗಳು ಕೇಳಿದ್ದೆನಲ್ರಿ, ಧಾರವಾಡದಾಗ ನಾವು ನಡಸೋ ಹರೇದ ಹುಡುಗ್ರ ಬೆಂಬಲ ಗುಂಪಿಗೆ ಸ್ವಯಂಸೇವಕರಾಗಿ ಬರೋ ದೊಡ್ಡವರನ್ನ ಹೆಂಗ ಪರೀಕ್ಷಿಸೂದು ಅಂತ. ಪರಿಚಯದವರಿಗೇ ಪೊಲೀಸ್ ವೆರಿಫಿಕೇಶನ್ ಕೇಳಾಕ ಮುಜುಗರ ಆಗಿತ್ತು.

ಕೇಳಿಬಿಟ್ಟೆ. 2020ರ ಪೋಕ್ಸೊ (ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯ ತಡಿಯೋ ಕಾಯ್ದೆ) ನಿಯಮ ಮಕ್ಕಳ ಜೋಡಿ ಒಡನಾಡೋ ಸಂಸ್ಥೆಗಳ ನೌಕರರಿಗೆ ಇದನ್ನ ಕಡ್ಡಾಯ ಮಾಡೇತಿ. ನಾವು ಪಗಾರ ಇಲ್ಲದವರಿಗೂ ಹಚ್ಚಿದ್ವಿ. ಆರು ಮಂದ್ಯಾಗ ಐದು ಮಂದಿ ಸುಮ್ಮನ ಅರ್ಜಿ ಹಾಕಿದ್ರು. ಒಬ್ಬ ಸರ್ ಮಾತ್ರ, ‘ಇಪ್ಪತ್ತು ವರ್ಷದ ಗುರ್ತು, ನನ್ ಮ್ಯಾಲೇ ಸಂಶಯ ಏನವಾ?’ ಅಂದು ಅರ್ಧ ಕಪ್ ಚಾ ಬಿಟ್ಟು ಎದ್ದು ಹೋದ್ರು. ಬ್ಯಾಸರಾತು. ಆದ್ರ ಒಬ್ಬರಿಗೆ ಬಿಟ್ರ ಉಳದವರಿಗೆ ಏನ್ ಹೇಳಲಿ?

ಸರ್ಟಿಫಿಕೇಟ್‌ನಾಗ ದಾಖಲಾದ ಕೇಸಷ್ಟ ಕಾಣತಾವು. ಅದಕ್ಕ, ಅವರು ಮೊದಲು ಕೆಲಸ ಮಾಡಿದ ಕಡೆ ಫೋನ್ ಹಚ್ಚಿ, ‘ಇವರ ಜೋಡಿ ನಿಮ್ಮ ಮಗಳನ್ನ ಒಬ್ಬಾಕಿನ್ನ ಬಿಡ್ತೀರೇನ್ರಿ?’ ಅಂತ ಕೇಳಿದೆ. ಒಂದು ಕಡೆ ಬಾಳೊತ್ತು ಮಾತೇ ಬರಲಿಲ್ಲ. ಆ ಅರ್ಜಿ ಅಲ್ಲೇ ನಿಂತತು.

ಈಗ ಖೋಲಿ ಬಾಗಲಾ ತಗದೇ ಇರತೈತಿ, ಇಬ್ಬರು ದೊಡ್ಡವರು ಇರಬೇಕು, ಖಾಸಗಿ ವಾಟ್ಸಾಪ್ ಬಂದ್. ಗ್ವಾಡಿ ಮ್ಯಾಲೆ ಮಕ್ಕಳ ಸಹಾಯವಾಣಿ ನಂಬರ್ 1098 ಬರದು ಹಚ್ಚೀವಿ. ಅದನ್ನ ಓದತಾ ನಿಂತ ಹುಡುಗಿ ಕೇಳಿದ್ಲು: ‘ಮೇಡಂ, ನಿಮ್ಮ ಸರ್ಟಿಫಿಕೇಟ್ ಎಲ್ಲೈತ್ರಿ?’

ನಿನ್ನೆ ಅರ್ಜಿ ಹಾಕೀನಿ.