ಜಾರಿದ ಕುಣಿಕೆಗೆ ಇಡೀ ಸ್ವೆಟರ್ ಬಿಚ್ಚಬೇಕಾ?

ಪ್ರಶ್ನೆ: ಅಕ್ಕನ ಮಗುವಿಗೆ ಸ್ವೆಟರ್ ಹೆಣೆಯುತ್ತಿದ್ದೇನೆ. ಬೆನ್ನಿನ ಭಾಗ ಕಂಕುಳಿನವರೆಗೆ ಬಂದಿದೆ. ಕಡ್ಡಿಯಿಂದ ಒಂದು ಕುಣಿಕೆ ಜಾರಿ ಹತ್ತು ಸಾಲು ಕೆಳಗಿಳಿದಿದೆ, ಏಣಿಯ ಹಾಗೆ ಅಡ್ಡ ಎಳೆಗಳು ಕಾಣುತ್ತಿವೆ. ಸಾಲದ್ದಕ್ಕೆ ಅಂಚಿನಲ್ಲಿ ಕುಣಿಕೆಗಳು ಜಾಸ್ತಿ ಆಗುತ್ತಿವೆ. ಎಲ್ಲ ಬಿಚ್ಚಬೇಕಾ? ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1: ಖಂಡಿತ ಬಿಚ್ಚಬೇಡಿ. ಮೊದಲು ಆ ಕುಣಿಕೆಗೊಂದು ಸೇಫ್ಟಿ ಪಿನ್ ಹಾಕಿ, ಇಲ್ಲದಿದ್ದರೆ ಕೈ ತಾಗಿದಾಗೆಲ್ಲ ಇನ್ನೂ ಇಳಿಯುತ್ತದೆ. ಆಮೇಲೆ ತುದಿಯಲ್ಲಿ ಕೊಕ್ಕೆ ಇರುವ ಕ್ರೋಶಾ ಕಡ್ಡಿ ತಗೊಳ್ಳಿ. ಹೆಣಿಗೆ ಕಡ್ಡಿಗಿಂತ ಸ್ವಲ್ಪ ಸಣ್ಣದಿದ್ದರೆ ಒಳ್ಳೆಯದು. ಸಾದಾ ಹೆಣಿಗೆಯಾದರೆ ನಿಟ್ ಮುಖ, ಅಂದರೆ 'ವಿ' ಆಕಾರ ಕಾಣುವ ಮುಖ, ನಿಮ್ಮ ಕಡೆಗಿರಲಿ. ಕೊಕ್ಕೆಯನ್ನು ಮುಂದಿನಿಂದ ಕುಣಿಕೆಯೊಳಗೆ ತೂರಿಸಿ. ಅದರ ಮೇಲಿರುವ ಮೊದಲ ಅಡ್ಡ ಎಳೆಯನ್ನು ಹಿಡಿದು ಕುಣಿಕೆಯೊಳಗಿಂದ ಮುಂದಕ್ಕೆ ಎಳೆಯಿರಿ. ಅದೇ ಈಗ ಹೊಸ ಕುಣಿಕೆ. ಹೀಗೇ ಒಂದೊಂದೇ ಎಳೆ ಹಿಡಿದು ಮೇಲಕ್ಕೆ ಬನ್ನಿ. ನಡುವೆ ಒಂದು ಎಳೆ ಬಿಟ್ಟುಹೋದರೂ ಅದು ಹಿಂದೆ ಜೋತುಬಿದ್ದು ಮಗುವಿನ ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಕಡ್ಡಿಗೆ ಏರಿಸುವಾಗ ಕುಣಿಕೆಯ ಬಲಗಾಲು, ಅಂದರೆ ಬಲಬದಿಯ ಎಳೆ, ಕಡ್ಡಿಯ ಮುಂದಿರಬೇಕು, ಇಲ್ಲದಿದ್ದರೆ ತಿರುಚಿಕೊಳ್ಳುತ್ತದೆ. ಆ ಜಾಗ ಮೊದಲು ಅಂಕುಡೊಂಕಾಗಿ ಕಾಣಬಹುದು. ಚಿಂತೆ ಬೇಡ, ಒಂದು ಸಲ ಒಗೆದರೆ ಕೂತುಕೊಳ್ಳುತ್ತದೆ.

ಗಾರ್ಟರ್ ಹೆಣಿಗೆ, ಅಂದರೆ ಎರಡೂ ಮುಖದಲ್ಲಿ ಅಡ್ಡ ಏಣುಗಳು ಕಾಣುವಂಥದ್ದು, ಆಗಿದ್ದರೆ ಒಂದು ಎಳೆ ಮುಂದಿನಿಂದ, ಇನ್ನೊಂದು ಹಿಂದಿನಿಂದ ಎಳೆಯಬೇಕು.

ಉತ್ತರ 2: ಅಂಚಿನದು ಹೊಸಬರ ಕೈಯಲ್ಲಿ ಆಗೇ ಆಗುತ್ತೆ ಅಮ್ಮಾ. ಸಾಲಿನ ಶುರುವಿನಲ್ಲಿ ನೂಲು ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗುತ್ತಿದೆ. ಆಗ ಮೊದಲ ಕುಣಿಕೆ ಎಳೆದುಕೊಂಡು ಅದರ ಎರಡು ಕಾಲುಗಳು ಎರಡು ಕುಣಿಕೆಯಂತೆ ಕಾಣುತ್ತವೆ, ನೀವು ಎರಡನ್ನೂ ಹೆಣೆಯುತ್ತೀರಿ. ನೂಲನ್ನು ಕಡ್ಡಿಯ ಕೆಳಗಿನಿಂದ ಹಿಂದಕ್ಕೆ ತನ್ನಿ. ಈಗಾಗಲೇ ಒಂದೆರಡು ಜಾಸ್ತಿ ಆಗಿದ್ದರೆ ಅಂಚಿನಲ್ಲೇ ಎರಡೆರಡು ಸೇರಿಸಿ ಹೆಣೆಯಿರಿ, ಪಕ್ಕದ ಹೊಲಿಗೆಯಲ್ಲಿ ಮುಚ್ಚಿಹೋಗುತ್ತದೆ.

ಉತ್ತರ 3: ಇಬ್ಬರೂ ಸರಿಯಾಗಿ ಹೇಳಿದ್ದಾರೆ. ನಾನಾದರೆ ಅಳತೆ ತಪ್ಪಿದ್ದರೆ ಮಾತ್ರ ಬಿಚ್ಚುತ್ತೇನೆ. ಹೆಣೆದದ್ದನ್ನು ಎಳೆಯದೆ ಮೇಜಿನ ಮೇಲೆ ಹರಡಿ, 10 ಸೆಂ.ಮೀ.ಗೆ ಎಷ್ಟು ಕುಣಿಕೆ ಇದೆ ಎಣಿಸಿ. ಮಾದರಿಯಲ್ಲಿ 22 ಅಂತಿದ್ದು ನಿಮ್ಮದು 20 ಇದ್ದರೆ, 55 ಕುಣಿಕೆಯ ಬೆನ್ನು 25ರ ಬದಲು 27.5 ಸೆಂ.ಮೀ. ಆಗುತ್ತದೆ. ಮುಂಭಾಗವೂ ಸೇರಿದರೆ ಸುತ್ತಳತೆ 5 ಸೆಂ.ಮೀ. ಜಾಸ್ತಿ. ಮಗು ಬೆಳೆಯುತ್ತಲ್ವಾ, ದೊಡ್ಡದಾದರೆ ಬಿಡಿ. ಚಿಕ್ಕದಾಗುತ್ತಿದ್ದರೆ ಮಾತ್ರ ಬೇಸರ ಮಾಡಿಕೊಳ್ಳದೆ ಬಿಚ್ಚಿ.

ಬಿಚ್ಚಿದ ಉಣ್ಣೆ ನೂಲು ಗುಂಗುರಾಗಿರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಒಣಗಲು ನೇತುಹಾಕಿ. ಅಕ್ರಿಲಿಕ್ ಆದರೆ ಬಿಸಿ ಇಸ್ತ್ರಿ ಮುಟ್ಟಿಸಲೇಬೇಡಿ, ಚಪ್ಪಟೆಯಾಗಿಬಿಡುತ್ತದೆ.

ಇನ್ನೊಂದು ಮಾತು. ಕಂಕುಳಿಗೆ ಕುಣಿಕೆ ಕಡಿಮೆ ಮಾಡುವ ಮುಂಚೆ, ಬೇರೆ ಬಣ್ಣದ ಹತ್ತಿ ದಾರವನ್ನು ಮೊಂಡು ಸೂಜಿಗೆ ಪೋಣಿಸಿ, ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳೊಳಗೂ ಹಾಯಿಸಿ ಬಿಡಿ. ಮುಂದೆ ಏನೇ ತಪ್ಪಾದರೂ ಬಿಚ್ಚುವುದು ಆ ದಾರದ ಹತ್ತಿರ ನಿಲ್ಲುತ್ತದೆ. ಸ್ವೆಟರ್ ಮುಗಿದ ಮೇಲೆ ಎಳೆದು ತೆಗೆದರಾಯಿತು.